ಕತ್ತು ಹಿಡ್ಕೊಂಡಿದೆ

ಯುಗಾದಿ ಹೊತ್ತಿಗೇ ತಾತ "ಕತ್ತು ಹಿಡ್ಕೊಂಡಿದೆ" ಅಂತ ಹೇಳಿದ್ರಂತೆ. ಮನೆಯವರು ಮುಲಾಮು ತಂದುಕೊಟ್ಟರು. ಅಜ್ಜಿ ರಾತ್ರಿ ಹೊತ್ತು ಎಣ್ಣೆ ಬಿಸಿ ಮಾಡಿ ಹಚ್ಚಿದರು, ದಪ್ಪ ದಿಂಬು ತೆಗೆದು ತೆಳ್ಳಗಿನದು ಹಾಕಿದರು. ತಾತನಿಗೆ ಕಿವಿ ಸ್ವಲ್ಪ ಮಂದ, ಮಾತೂ ಕಮ್ಮಿ. ನಿಜವಾಗ್ಲೂ ಕತ್ತು ನೋಯ್ತಾ ಇತ್ತೋ ಏನೋ, ಸುಮ್ಮನೆ ಹಚ್ಚಿಸಿಕೊಂಡ್ರು. ಅವರು ಹೇಳಿದ್ದು ಗಾಡಿಯ ಕತ್ತಿನ ವಿಷಯ ಅಂತ ಮನೆಯಲ್ಲಿ ಒಬ್ಬರಿಗೂ ಹೊಳೀಲಿಲ್ಲ. ಗಣೇಶನ ಹಬ್ಬಕ್ಕೆ ಒಂದು ವಾರ ಇರುವಾಗ ಮನೆ ಮುಂದಿನ ತಿರುವಿನಲ್ಲೇ, ನಡ್ಕೊಂಡು ಹೋಗೋ ಸ್ಪೀಡಲ್ಲಿ, ಗಾಡಿ ಸಮೇತ ಬಿದ್ದರು.

ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗ್ಲಿಲ್ಲ. ಆದ್ರೆ ಕೀ ಹೋಯ್ತು. ದೊಡ್ಡಪ್ಪ ಅದನ್ನ ತಗೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದ್ರು. 76 ವರ್ಷ ಆಯ್ತು, ಕಾಫಿ ಲೋಟ ಹಿಡಿದ್ರೆ ಕೈ ನಡುಗುತ್ತೆ, ಇನ್ನು ಗಾಡಿ ಸಾಕು, ಅಂತ ಮನೆಯವರೆಲ್ಲ ಒಂದೇ ಮಾತು. ಹಳೇ ಗಾಡಿ ಕೊಳ್ಳೋ ಬೆಂಗಳೂರಿನವರೊಬ್ಬರು ಫೋಟೋ ನೋಡಿ ರೇಟೂ ಹೇಳಿ ಆಗಿತ್ತು. ಆಯುಧಪೂಜೆ ಮುಗಿದ ಮೇಲೆ ಬಂದು ತಗೊಂಡು ಹೋಗ್ತೀವಿ, ಸ್ಟಾರ್ಟ್ ಆದ್ರೆ ಇನ್ನೂ ಸ್ವಲ್ಪ ಜಾಸ್ತಿ ಕೊಡ್ತೀವಿ ಅಂದಿದ್ರು. ಆ "ಸ್ಟಾರ್ಟ್ ಆದ್ರೆ" ಅನ್ನೋದಕ್ಕೆ ನಮ್ಮನ್ನ ಕರೆದದ್ದು.

ನಾವು ಅಂದ್ರೆ ಮೂರು ಜನ, ಮೆಕ್ಯಾನಿಕಲ್ ಥರ್ಡ್ ಸೆಮ್, ಒಂದೇ ಬೆಂಚು. ತಾತ ನಮ್ಮಲ್ಲಿ ಒಬ್ಬನ ತಾತ. ಯಾರ ತಾತ ಅಂತ ಬರೆಯೋದಿಲ್ಲ, ದಸರಾ ರಜೆ ಮುಗಿಯೋ ಅಷ್ಟರಲ್ಲಿ ಅವರು ಮೂವರನ್ನೂ ಒಂದೇ ಥರ ಬೈಯೋಕೆ ಶುರು ಮಾಡಿದ್ರು. ಇನ್ನೊಂದು ವಿಷಯ ಮೊದಲೇ ಹೇಳಿಬಿಡ್ತೀವಿ. ನಾವು ಮೂವರೂ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಒತ್ತಕ್ಷರ ತಪ್ಪಿದ್ರೆ ಸಂಪಾದಕರನ್ನ ಬೈಯ್ಬೇಡಿ, ಅವರು ಈಗಾಗ್ಲೇ ಎರಡು ಸಲ ತಿದ್ದಿದ್ದಾರೆ.

ಗಾಡಿ ಯಾವುದು ಅಂತ ಮೈಸೂರಿನವರಿಗೆ ಗೆಸ್ ಮಾಡೋದು ಕಷ್ಟ ಅಲ್ಲ. ಯೆಜ್ಡಿ ರೋಡ್‌ಕಿಂಗ್. 250 ಸಿಸಿ, ಟೂ ಸ್ಟ್ರೋಕ್, ಒಂದೇ ಸಿಲಿಂಡರ್‌ಗೆ ಎರಡು ಸೈಲೆನ್ಸರ್. ಕಿಕ್ ಹೊಡೆಯೋ ಲಿವರನ್ನೇ ಮಡಚಿದ್ರೆ ಗೇರ್ ಲಿವರ್ ಆಗುತ್ತೆ, ನಮಗೆ ಅದು ಇವತ್ತಿಗೂ ಮ್ಯಾಜಿಕ್ ಥರಾನೇ ಕಾಣುತ್ತೆ. ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿಯಲ್ಲಿ 1961ರಿಂದ ಜಾವಾ ತಯಾರಾಗ್ತಿತ್ತು, 1973ರಲ್ಲಿ ಯೆಜ್ಡಿ ಅನ್ನೋ ಹೆಸರು ಬಂತು, 1996ಕ್ಕೆ ಫ್ಯಾಕ್ಟರಿ ಮುಚ್ಚಿತು. ನಾವು ಹುಟ್ಟೋ ಹೊತ್ತಿಗೆ ಅದು ಮುಚ್ಚಿ ಹತ್ತು ವರ್ಷ. ತಾತ ಇದನ್ನ ತಗೊಂಡಿದ್ದು 1986ರಲ್ಲಿ. ರೇಷ್ಮೆ ಇಲಾಖೆಯಲ್ಲಿದ್ದರು. ಟಿ. ನರಸೀಪುರ, ಕೊಳ್ಳೇಗಾಲ, ಚಾಮರಾಜನಗರ ಸುತ್ತಮುತ್ತ ಹಿಪ್ಪುನೇರಳೆ ತೋಟ ಇರೋ ಊರುಗಳಿಗೆಲ್ಲ ಇದರ ಮೇಲೇ ಹೋಗಿದ್ದು, ಅದರಲ್ಲಿ ಅರ್ಧ ಡಾಂಬರೇ ಇಲ್ಲದ ರಸ್ತೆ.

ಸ್ಟಾರ್ಟ್ ಮಾಡೋದು ಒಂದು ಮಧ್ಯಾಹ್ನದ ಕೆಲಸ ಅಷ್ಟೆ. ಕಾರ್ಬುರೇಟರ್ ಜೆಟ್ ಕ್ಲೀನ್ ಮಾಡಿ, ಪ್ಲಗ್ ಬದಲಾಯಿಸಿ, ಹಳೇ ಪೆಟ್ರೋಲ್ ಚೆಲ್ಲಿ ಹೊಸದಕ್ಕೆ ಆಯಿಲ್ ಬೆರೆಸಿ ಹಾಕಿದ್ವಿ. ಕಾಲು ಬಿದ್ದುಹೋಗೋವಷ್ಟು ಕಿಕ್ ಹೊಡೆದ ಮೇಲೆ ಹೊತ್ಕೊಂಡಿತು. ಬೀದಿ ತುಂಬ ಹೊಗೆ. ದೊಡ್ಡಪ್ಪ ಖುಷಿಯಾಗಿ ಮೂವರಿಗೂ ಮಸಾಲೆ ದೋಸೆ ಪಾರ್ಸೆಲ್ ತರಿಸಿದ್ರು. ನಮ್ಮ ಕೆಲಸ ಅಲ್ಲಿಗೆ ಮುಗೀಬೇಕಿತ್ತು.

ದೋಸೆ ತಿಂದು ಗಾಡೀನ ಪೋರ್ಟಿಕೋ ಒಳಗೆ ತಳ್ಳೋವಾಗ ಗೊತ್ತಾಯ್ತು. ಒಬ್ಬ ಹ್ಯಾಂಡಲ್ ಹಿಡಿದಿದ್ದ, ಇಬ್ಬರು ಹಿಂದೆ ತಳ್ತಾ ಇದ್ವಿ. ಗಾಡಿ ನೆಟ್ಟಗೆ ಹೋಗ್ತಿಲ್ಲ. ಸ್ವಲ್ಪ ಎಡಕ್ಕೆ ತಿರುಗಿಸೋಣ ಅಂದ್ರೆ ಹ್ಯಾಂಡಲ್ ಮೊದಲು ಅಲ್ಲಾಡೋದಿಲ್ಲ, ಇನ್ನೂ ಜೋರಾಗಿ ಒತ್ತಿದ್ರೆ ಬೇಕಾದ್ದಕ್ಕಿಂತ ಜಾಸ್ತಿ ತಿರುಗಿಬಿಡುತ್ತೆ. ಸೆಂಟರ್ ಸ್ಟ್ಯಾಂಡ್ ಹಾಕಿ, ಒಬ್ಬ ಹಿಂದಿನ ಸೀಟಿನ ತುದಿಯಲ್ಲಿ ಕೂತ, ಮುಂದಿನ ಚಕ್ರ ಮೇಲೆ ಎದ್ದಿತು. ಒಂದೇ ಬೆರಳಲ್ಲಿ ಹ್ಯಾಂಡಲ್ ನಿಧಾನಕ್ಕೆ ತಿರುಗಿಸಿದ್ವಿ. ಸರಿಯಾಗಿ ನಡುವಿಗೆ ಬಂದಾಗ ಟಕ್ ಅಂತ ಕೂತ್ಕೊಳ್ತು. ಫ್ಯಾನ್ ರೆಗ್ಯುಲೇಟರ್ ಒಂದು ನಂಬರಿನಲ್ಲಿ ಕೂತ್ಕೊಳ್ಳುತ್ತಲ್ಲ, ಹಾಗೆ.

ಜಗಲಿ ಮೇಲೆ ಪೇಪರ್ ಓದ್ತಿದ್ದ ತಾತ ತಲೆ ಎತ್ತದೇ ಹೇಳಿದ್ರು. "ಅದನ್ನೇ ಹೇಳಿದ್ದು. ಕತ್ತು ಹಿಡ್ಕೊಂಡಿದೆ ಅಂತ."

ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡ್ವಿ.

ಗಾಡಿಗೆ ಕತ್ತು ಎಲ್ಲಿರುತ್ತೆ ಅಂದ್ರೆ, ಟ್ಯಾಂಕಿನ ಮುಂದೆ, ಹ್ಯಾಂಡಲ್ ಕೆಳಗೆ, ಚಾಸಿಗೆ ಸೇರಿದ ಒಂದು ಗಿಡ್ಡ ಪೈಪ್ ಇದೆ. ಮುಂದಿನ ಫೋರ್ಕಿನ ದಂಟು ಅದರೊಳಗೆ ನಿಂತು ತಿರುಗುತ್ತೆ. ಪೈಪಿನ ಮೇಲೊಂದು ಕೆಳಗೊಂದು ಬಟ್ಟಲು, ದಂಟಿಗೆ ಸಿಕ್ಕಿಸಿದ ಎರಡು ಕೋನ್, ನಡುವೆ ಸುತ್ತಲೂ ಬಿಡಿ ಬಿಡಿ ಉಕ್ಕಿನ ಗುಂಡು. ಹಳೇ ಸೈಕಲ್‌ನಲ್ಲೂ ಇದೇ ಇರೋದು. ಪುಸ್ತಕದಲ್ಲಿ ಸ್ಟೀರಿಂಗ್ ಹೆಡ್ ಬೇರಿಂಗ್ ಅಂತ ಓದಿರ್ತೀವಿ, ಅಂಗಡಿಯಲ್ಲಿ ಹಾಗೆ ಕೇಳಿದ್ರೆ ಯಾರಿಗೂ ಗೊತ್ತಾಗಲ್ಲ. ಕೋನ್ ಸೆಟ್ ಅನ್ನಬೇಕು.

ಇದು ವಿಚಿತ್ರ ಬೇರಿಂಗ್. ಚಕ್ರದ ಬೇರಿಂಗ್ ದಿನವಿಡೀ ಸುತ್ತುತ್ತೆ, ಇದು ಒಂದು ಸುತ್ತೂ ಪೂರ್ತಿ ತಿರುಗೋದಿಲ್ಲ. ಗಾಡಿ ಹೆಚ್ಚು ಹೊತ್ತು ಓಡೋದು ನೆಟ್ಟಗೆ, ಅಂದ್ರೆ ಅದೇ ಗುಂಡು ಅದೇ ಜಾಗದಲ್ಲಿ ವರ್ಷಗಟ್ಟಲೆ ಕೂತಿರುತ್ತೆ. ಹಳ್ಳ ಸಿಕ್ಕಿದಾಗಲೆಲ್ಲ ಪೆಟ್ಟು ಫೋರ್ಕಿನಿಂದ ನೇರ ಮೇಲಕ್ಕೆ ಬಂದು ಆ ಗುಂಡುಗಳ ಮೇಲೆ. ಕೆಳಗಿನ ಬಟ್ಟಲಿಗೆ ಏಟು ಇನ್ನೂ ಜಾಸ್ತಿ. ಗ್ರೀಸು ಒಂದು ಸಲ ಪಕ್ಕಕ್ಕೆ ಸರಿದ್ರೆ ಅದನ್ನ ವಾಪಸ್ ಎಳೆದು ತರೋಕೆ ತಿರುಗಾಟವೂ ಇಲ್ಲ. ಕೊನೆಗೆ ಬಟ್ಟಲಲ್ಲಿ ಗುಂಡಿನ ಆಕಾರದ ಕುಳಿ ಬೀಳುತ್ತೆ. ಹ್ಯಾಂಡಲ್ ನೆಟ್ಟಗಾದಾಗ ಎಲ್ಲಾ ಗುಂಡೂ ಒಟ್ಟಿಗೆ ತಮ್ಮ ತಮ್ಮ ಕುಳಿಗೆ ಇಳಿದು ಕೂತುಬಿಡ್ತವೆ. ಅದೇ ಆ ಟಕ್.

ಹೋದ್ರೆ ಹೋಗ್ಲಿ, ನೆಟ್ಟಗೆ ತಾನೇ ಹಿಡಿದಿಡುತ್ತೆ, ಒಳ್ಳೇದೇ ಅಲ್ವಾ ಅಂತ ನಮ್ಮಲ್ಲೊಬ್ಬ ಕೇಳಿದ. ಉತ್ತರ ಅದೇ ಬೀದಿಯಲ್ಲಿ ಹದಿನೈದು ದಿನದ ಹಿಂದೆ ಸಿಕ್ಕಿತ್ತು. ಗಣೇಶನ ಪೆಂಡಾಲ್ ಮುಂದೆ ನಿಧಾನ ಸೈಕಲ್ ಸ್ಪರ್ಧೆ ಇಟ್ಟಿದ್ರು. ಅದರಲ್ಲಿ ಗೆದ್ದ ಹುಡುಗಿಯ ಹ್ಯಾಂಡಲ್ ನೋಡ್ಬೇಕಿತ್ತು, ಒಂದು ಕ್ಷಣ ಸುಮ್ಮನಿರ್ಲಿಲ್ಲ. ಎಡಕ್ಕೆ ವಾಲಿದ್ರೆ ಎಡಕ್ಕೆ ಚೂರು, ಬಲಕ್ಕೆ ವಾಲಿದ್ರೆ ಬಲಕ್ಕೆ ಚೂರು. ಎರಡು ಚಕ್ರದ ಗಾಡಿ ನಿಧಾನಕ್ಕೆ ಹೋಗುವಾಗ ಬೀಳದೇ ಇರೋದು ಆ ಚೂರು ಚೂರು ತಿರುಗಿಸೋದ್ರಿಂದ. ಕೋನ್ ಸೆಟ್ ಕುಳಿ ಬಿದ್ದಿದ್ರೆ ಆ ಚೂರು ಆಗೋದೇ ಇಲ್ಲ. ಹ್ಯಾಂಡಲ್ ಹಿಡ್ಕೊಳ್ಳುತ್ತೆ, ನಾವು ಜೋರು ಮಾಡ್ತೀವಿ, ಕುಳಿಯಿಂದ ಎದ್ದು ದುಡುಂ ಅಂತ ಆ ಕಡೆ ಹೋಗುತ್ತೆ, ಮತ್ತೆ ಈ ಕಡೆ ಎಳೀಬೇಕು. ಸ್ಪೀಡಲ್ಲಿ ಹೋಗುವಾಗ ಹೇಗೋ ನಡೆಯುತ್ತೆ. ಮನೆ ಮುಂದಿನ ತಿರುವಿನಲ್ಲಿ ನಡೆಯಲ್ಲ.

ಅಂದ್ರೆ ತಾತ ಬಿದ್ದದ್ದು ಕೈ ನಡುಗಿ ಅಲ್ಲ, ಬೇರಿಂಗಿನಿಂದ. ನಾವು ಇದನ್ನ ದೊಡ್ಡಪ್ಪನಿಗೆ ಬೋರ್ಡ್ ಮೇಲೆ ಬರೆದ ಹಾಗೆ ವಿವರಿಸಿದ್ವಿ. ಅವರು ಪೂರ್ತಿ ಕೇಳಿ, "ಮಾರೋ ಗಾಡಿಗೆ ಯಾಕ್ರಪ್ಪ ದುಡ್ಡು ಹಾಕೋದು?" ಅಂದ್ರು. ಹೀಗೇ ಮಾರಿದ್ರೆ ತಗೊಂಡವರು ಬೀಳ್ತಾರೆ ದೊಡ್ಡಪ್ಪ, ಅಂದ್ವಿ. ಅದಕ್ಕೆ ಅವರ ಹತ್ರ ಉತ್ತರ ಇರ್ಲಿಲ್ಲ. ನಿಜ ಹೇಳ್ಬೇಕು ಅಂದ್ರೆ ನಮಗೆ ಬೆಂಗಳೂರಿನವರ ಚಿಂತೆ ಏನೂ ಇರ್ಲಿಲ್ಲ. ಜಗಲಿ ಕಡೆಯಿಂದ ಪೇಪರ್ ಮಡಚೋ ಸದ್ದು ಕೇಳಿಸ್ತು, ಅಷ್ಟೆ.

ಹಳೇ ಯೆಜ್ಡಿ ರಿಪೇರಿ ಮಾಡೋ ಮೆಕ್ಯಾನಿಕ್‌ಗಳು ಮೈಸೂರಿನಲ್ಲಿ ಇನ್ನೂ ಇದ್ದಾರೆ. ಅವರಲ್ಲಿ ಒಬ್ಬರ ಹತ್ರ ಹೋದ್ವಿ, ಎಲ್ಲರೂ ಭಾಯ್ ಅಂತಾರೆ. ಗಾಡಿ ಬಿಟ್ಟು ಹೋಗಿ ಅಂತಾರೆ ಅಂದ್ಕೊಂಡಿದ್ವಿ. ಅವರು ನಮ್ಮ ಕಾಲೇಜ್ ಐಡಿ ಕಾರ್ಡ್ ನೋಡಿ ನಕ್ಕು, "ಇಂಜಿನಿಯರ್ ಆಗ್ತೀರಾ, ನೀವೇ ಮಾಡ್ರಪ್ಪ" ಅಂತ ಕೋನ್ ಸೆಟ್, ಗುಂಡಿನ ಪ್ಯಾಕೆಟ್ ಕೊಟ್ಟರು, 500 ರೂಪಾಯಿಯೊಳಗೆ ಆಯ್ತು. ಟೇಪರ್ ರೋಲರ್ ಹಾಕಿದ್ರೆ ಜಾಸ್ತಿ ಬಾಳಿಕೆ ಬರಲ್ವಾ ಅಂತ ಕೇಳಿದ್ವಿ. ಗುಂಡು ಬಟ್ಟಲನ್ನ ಮುಟ್ಟೋದು ಒಂದು ಚುಕ್ಕೆಯಷ್ಟು ಜಾಗದಲ್ಲಿ, ರೋಲರ್ ಆದ್ರೆ ಒಂದು ಗೆರೆ ಉದ್ದಕ್ಕೂ ಮುಟ್ಟುತ್ತೆ, ಭಾರ ಹಂಚಿಹೋಗುತ್ತೆ, ಇದು ನಮ್ಮ ಥಿಯರಿ. ಭಾಯ್ ಒಪ್ಪಿದ್ರು. "ಸರಿ ಅದು. ಆದ್ರೆ ಗುಂಡೇ 39 ವರ್ಷ ಬಂತಲ್ಲ," ಅಂದ್ರು. ಹೊರಡುವಾಗ ಒಂದೇ ಎಚ್ಚರಿಕೆ: ಕೆಳಗಿನ ಗುಂಡು ಬೀಳ್ತವೆ, ಬಟ್ಟೆ ಹಾಸಿ.

ನಾವು ಬಟ್ಟೆ ಹಾಸಲಿಲ್ಲ.

ಬಿಚ್ಚೋ ಕೆಲಸ ಒಂದು ದಿನ ಹಿಡಿಯಿತು. ಟ್ಯಾಂಕ್ ಮೊದಲು ತೆಗೆದು ಹಾಸಿಗೆ ಮೇಲೆ ಮಲಗಿಸಿದ್ವಿ, ಗೀರು ಬಿದ್ರೆ ತಾತ ಮಾತಾಡ್ಸಲ್ಲ ಅಂತ ಗೊತ್ತಿತ್ತು. ಇಂಜಿನ್ ಕೆಳಗೆ ಮರದ ದಿಮ್ಮಿ ಕೊಟ್ಟು ಮುಂಭಾಗ ಎತ್ತಿ ನಿಲ್ಲಿಸಿ, ಚಕ್ರ, ಮಡ್‌ಗಾರ್ಡ್, ಹೆಡ್‌ಲೈಟ್, ಹ್ಯಾಂಡಲ್, ಒಂದೊಂದಾಗಿ ಬಂತು. ಪ್ರತಿ ವೈರಿನ ಫೋಟೋ ತೆಗೆದ್ವಿ. ಕೇಬಲ್‌ಗಳ ಫೋಟೋ ತೆಗೀಲಿಲ್ಲ, ಅದರ ಕತೆ ಆಮೇಲೆ. ದಂಟಿನ ಮೇಲಿನ ನಟ್ಟು ಬಿಚ್ಚಿ, ಕೆಳಗಿನ ರಿಂಗ್ ನಟ್ಟು ತಿರುಗಿಸ್ತಾ ಒಬ್ಬ ಫೋರ್ಕ್ ಹಿಡಿದುಕೊಂಡಿದ್ದ. ನಟ್ಟು ಪೂರ್ತಿ ಬಂತು, ಫೋರ್ಕ್ ಒಂದು ಅಂಗುಲ ಇಳಿಯಿತು, ಹುಣಿಸೇಬೀಜ ಚೆಲ್ಲಿದ ಹಾಗೆ ಗುಂಡುಗಳು ಪೋರ್ಟಿಕೋ ತುಂಬ. ಕೆಲವು ಚರಂಡಿ ಜಾಲರಿ ಕಡೆ ಓಡಿದವು. ಒಂದು ಅಜ್ಜಿಯ ತುಳಸಿ ಕಟ್ಟೆ ಕೆಳಗೆ ಹೋಗಿದ್ದು ಇವತ್ತಿಗೂ ಸಿಕ್ಕಿಲ್ಲ.

ಹಳೇ ಗುಂಡು ಹೋದ್ರೆ ಹೋಗ್ಲಿ ಅನ್ನೋ ಹಾಗಿಲ್ಲ. ಎಷ್ಟಿದ್ದವು ಅಂತ ನಾವು ಎಣಿಸಿರ್ಲಿಲ್ಲ. ಭಾಯ್‌ಗೆ ಫೋನ್ ಮಾಡಿದ್ರೆ, ಎಣಿಸೋದು ಯಾಕೆ, ಬಟ್ಟಲೇ ಹೇಳುತ್ತೆ ಅಂದ್ರು. ಗ್ರೀಸು ತುಂಬಿ ಸುತ್ತಲೂ ಗುಂಡು ಜೋಡಿಸ್ತಾ ಬನ್ನಿ, ಕೊನೆಗೆ ಒಂದು ಗುಂಡಿಗೆ ಸಾಲದಷ್ಟು ಜಾಗ ಉಳಿಯುತ್ತೆ, ಅಲ್ಲಿಗೆ ನಿಲ್ಲಿಸಿ, ಒತ್ತಿ ತುರುಕಬೇಡಿ. ತುರುಕಿದ್ರೆ ಗುಂಡು ಉರುಳೋ ಬದಲು ಒಂದನ್ನೊಂದು ಉಜ್ಜಿಕೊಳ್ತವೆ.

ಕೆಳಗಿನ ಬಟ್ಟಲನ್ನ ಡೀಸೆಲ್‌ನಲ್ಲಿ ತೊಳೆದು ಬಿಸಿಲಿಗೆ ಹಿಡಿದಾಗ ಮೂವರೂ ಸುಮ್ಮನಾದ್ವಿ. ಸುತ್ತಲೂ ಸಾಲಾಗಿ ಕುಳಿ, ಸಮ ಅಂತರದಲ್ಲಿ, ರಂಗೋಲಿಗೆ ಚುಕ್ಕೆ ಇಟ್ಟ ಹಾಗೆ. ಹೀಗೆ ಕುಳಿ ಬಿದ್ದದ್ದನ್ನ ನಾವು ಮೊದಲೇ ನೋಡಿದ್ವಿ. ಮೆಟೀರಿಯಲ್ಸ್ ಲ್ಯಾಬ್‌ನಲ್ಲಿ ಬ್ರಿನೆಲ್ ಟೆಸ್ಟ್ ಮಾಡ್ತಾರಲ್ಲ, 10 ಮಿ.ಮೀ. ಗುಂಡನ್ನ 3000 ಕೆ.ಜಿ. ಭಾರದಲ್ಲಿ ಉಕ್ಕಿನ ಮೇಲೆ ಒತ್ತಿ, ಬಿದ್ದ ಕುಳಿಯನ್ನ ಮೈಕ್ರೋಸ್ಕೋಪಲ್ಲಿ ಅಳೆದು ಗಡಸುತನ ಲೆಕ್ಕ ಹಾಕೋದು. ಸ್ವೀಡನ್ನಿನ ಬ್ರಿನೆಲ್ ಅದನ್ನ ತೋರಿಸಿದ್ದು 1900ರಲ್ಲಿ. ನಮ್ಮ ಬ್ಯಾಚ್‌ನಲ್ಲಿ ಆ ಕುಳಿಯನ್ನ ನಿಜವಾಗ್ಲೂ ಅಳೆದವರು ಇಬ್ಬರೋ ಮೂವರೋ. ಉಳಿದವರೆಲ್ಲ ಸೀನಿಯರ್ಸ್ ರೆಕಾರ್ಡ್ ನೋಡಿ ರೀಡಿಂಗ್ ಬರೆದದ್ದು. ನಾವೂ ಅಷ್ಟೆ. ತಾತನ ಬಟ್ಟಲಿನ ಕುಳಿಗೆ ಮಾತ್ರ ಉಗುರು ಹಾಕಿ ನೋಡಿದ್ವಿ, ಉಗುರು ನಿಲ್ತು.

ರಜೆಯಲ್ಲೂ ಡಿಪಾರ್ಟ್‌ಮೆಂಟಿಗೆ ಬರ್ತಿದ್ದ ಲ್ಯಾಬ್ ಮೇಡಂಗೆ ಬಟ್ಟಲು ತೋರಿಸಿದ್ವಿ. ಅವರು ಕುಳಿಯ ಸುತ್ತ ಅಂಟಿದ್ದ ಕಂದುಗೆಂಪು ಕಲೆಯನ್ನ ಬೆರಳಲ್ಲಿ ಒರೆಸಿ, ಬರೀ ಪೆಟ್ಟಿನಿಂದ ಆಗಿದ್ದಲ್ಲ ಇದು ಅಂದ್ರು. ಗುಂಡು ಉರುಳದೇ ನಿಂತ ಜಾಗದಲ್ಲೇ ಕೂದಲೆಳೆಯಷ್ಟು ಅದುರಿ ಅದುರಿ ಗ್ರೀಸನ್ನ ಆಚೆ ತಳ್ಳಿ ಉಕ್ಕನ್ನೇ ಸವೆಸುತ್ತೆ, ಸವೆದ ಪುಡಿ ತುಕ್ಕಾಗಿ ಹೀಗೆ ಕೆಂಪಗಾಗುತ್ತೆ, ಅದಕ್ಕೆ ಫಾಲ್ಸ್ ಬ್ರಿನೆಲಿಂಗ್ ಅಂತಾರೆ. ಇದರಲ್ಲಿ ಎರಡೂ ಇದ್ದ ಹಾಗಿದೆ ಅಂದ್ರು. ವಾಪಸ್ ಕೊಡುವಾಗ, "ಇದು ಲ್ಯಾಬ್‌ಗೆ ಬೇಕು, ಹೊಸದು ಹಾಕಿದ ಮೇಲೆ ತಂದುಕೊಡಿ" ಅಂದ್ರು. ನಮ್ಮ ರೆಕಾರ್ಡಿನ ರೀಡಿಂಗ್ ಬಗ್ಗೆ ಏನೂ ಕೇಳ್ಲಿಲ್ಲ, ಪುಣ್ಯ.

ಬಟ್ಟಲು ಬರಿಸೋದು ಸುಲಭ. ಪೈಪಿನ ಇನ್ನೊಂದು ತುದಿಯಿಂದ ಉದ್ದನೆ ಸರಳು ತೂರಿಸಿ, ಒಂದು ಏಟು ಈ ಕಡೆ, ಒಂದು ಏಟು ಆ ಕಡೆ. ಒಂದೇ ಕಡೆ ಬಡಿದ್ರೆ ವಾರೆಯಾಗಿ ಸಿಕ್ಕಿಹಾಕಿಕೊಳ್ಳುತ್ತೆ. ದಂಟಿನ ಬುಡದ ಕೋನ್ ಇದ್ಯಲ್ಲ, ಅದು ರಾಕ್ಷಸ. ಕೆಳಗೆ ಉಳಿ ಹಿಡಿದು ಸುತ್ತಲೂ ಬಡಿದು ಎಬ್ಬಿಸಬೇಕು. ಸಂಜೆವರೆಗೂ ಬಡಿದ್ವಿ. ಉಳಿ ಜಾರಿ ಒಬ್ಬನ ಹೆಬ್ಬೆರಳು ಕೊಯ್ದು ಅಜ್ಜಿ ಅರಿಸಿನ ಮೆತ್ತಿದ್ರು. ಆ ರಾತ್ರಿ ಹಾಗೇ ಬಿಟ್ಟು, ಬೆಳಿಗ್ಗೆ ಬಂದು ಇನ್ನೊಂದು ಏಟು ಹಾಕಿದ್ರೆ ಬಳೆ ಥರ ಕೈಗೆ ಬಂತು. ಯಾಕೆ ಅಂತ ನಮಗೆ ಗೊತ್ತಿಲ್ಲ. ರಾತ್ರಿ ತಾತ ಟಾರ್ಚ್ ಹಿಡ್ಕೊಂಡು ಆಚೆ ಹೋಗಿದ್ರು, ಎಣ್ಣೆ ಡಬ್ಬ ಜಾಗ ಬದಲಾಯಿಸಿತ್ತು ಅಂತ ಅಜ್ಜಿ ಹೇಳಿದ್ರು.

ಹೊಸ ಬಟ್ಟಲುಗಳನ್ನ ಬಡಿಯೋಕೆ ಧೈರ್ಯ ಸಾಲದೆ, ಉದ್ದನೆ ಬೋಲ್ಟಿಗೆ ದಪ್ಪ ವಾಷರ್ ಹಾಕಿ ನಟ್ಟು ಬಿಗಿ ಮಾಡ್ತಾ ಎರಡನ್ನೂ ನಿಧಾನಕ್ಕೆ ಒಳಗೆ ಎಳೆದ್ವಿ. ಈ ಸಲ ಗುಂಡು ಜೋಡಿಸೋಕೆ ಮುಂಚೆ ಹಳೇ ಪಂಚೆ ಹಾಸಿದ್ವಿ. ಗ್ರೀಸಿನಲ್ಲಿ ಗುಂಡು ಅಂಟಿಕೊಂಡು ನಿಲ್ತವೆ, ಫೋರ್ಕ್ ಕೆಳಗಿನಿಂದ ನೆಟ್ಟಗೆ ಏರಿಸಿದ್ರೆ ಆಯ್ತು. ಎಲ್ಲಾ ಜೋಡಿಸಿ ಟೆಸ್ಟ್ ಮಾಡಿದ್ವಿ. ಚಕ್ರ ಗಾಳಿಯಲ್ಲಿರುವಾಗ ಹ್ಯಾಂಡಲನ್ನ ನಡುವಿನಿಂದ ಬೆರಳಲ್ಲಿ ಚೂರು ತಳ್ಳಿದ್ರೆ ತಾನಾಗೇ ಕೊನೆವರೆಗೂ ಬೀಳ್ಬೇಕು, ಎರಡೂ ಕಡೆ. ಬಲಕ್ಕೆ ಬಿತ್ತು. ಎಡಕ್ಕೆ ಅರ್ಧದಲ್ಲೇ ನಿಲ್ತು.

ಬಟ್ಟಲು ವಾರೆ ಕೂತಿದೆ ಅಂತ ಒಬ್ಬ. ಗುಂಡು ಒಂದು ಎಗರಿದೆ ಅಂತ ಇನ್ನೊಬ್ಬ. ಮತ್ತೆ ಎಲ್ಲಾ ಬಿಚ್ಚಿದ್ವಿ. ಏನೂ ತಪ್ಪಿಲ್ಲ. ಮತ್ತೆ ಹಾಕಿದ್ವಿ, ಮತ್ತೆ ಎಡಕ್ಕೆ ನಿಲ್ತು. ಆಯುಧಪೂಜೆಗೆ ಒಂದೇ ದಿನ ಉಳಿದಿತ್ತು. ತಾತ ಜಗಲಿಯಿಂದ ಇಳಿದು ಬಂದು, ಆಕ್ಸಿಲರೇಟರ್ ಕೇಬಲನ್ನ ಎರಡು ಬೆರಳಲ್ಲಿ ಹಿಡಿದು, "ಇದು ಈ ಕಡೆಯಿಂದ ಬರ್ಬೇಕು" ಅಂದ್ರು. ಕೇಬಲ್ ಫೋರ್ಕಿನ ತಪ್ಪು ಬದಿಯಲ್ಲಿ ಸುತ್ತಿ ಹಗ್ಗ ಕಟ್ಟಿದ ಹಾಗೆ ಎಳೀತಿತ್ತು.

ಕೊನೇ ಬಿಗಿ ಅವರೇ ಮಾಡಿದ್ದು. ಇದನ್ನ ಸರಿಯಾಗಿ ಬರೀಬೇಕು. ಗಾಡಿ ಮುಟ್ಟಿದ ತಕ್ಷಣ ತಾತನ ಕೈ ನಡುಗೋದು ನಿಂತುಹೋಯ್ತು ಅಂತೆಲ್ಲ ಬರೆದ್ರೆ ಅದು ಸಿನಿಮಾ. ನಿಲ್ಲಲಿಲ್ಲ. ಸ್ಪ್ಯಾನರ್ ರಿಂಗ್ ನಟ್ಟಿನ ಕಚ್ಚಿಗೆ ಕೂರ್ತಾನೇ ಇರ್ಲಿಲ್ಲ, ಎರಡು ಸಲ ಜಾರಿತು. ಮೂರನೇ ಸಲ ನಾವು ಕೂರಿಸಿ ಹಿಡಿದ್ವಿ, ಅವರು ತಿರುಗಿಸಿದ್ರು. ಮೊದಲು ಗಟ್ಟಿಯಾಗಿ ಬಿಗಿ ಮಾಡಿ ಹ್ಯಾಂಡಲ್ ಆ ಕಡೆ ಈ ಕಡೆ ತಿರುಗಿಸಿ ಎಲ್ಲಾ ಕೂರಿಸಿದ್ರು, ಆಮೇಲೆ ಸಡಿಲ ಬಿಟ್ಟು, ಮತ್ತೆ ಸ್ವಲ್ಪ ಸ್ವಲ್ಪ. ನಮ್ಮನ್ನ ಫೋರ್ಕಿನ ಬುಡ ಹಿಡಿದು ಹಿಂದೆ ಮುಂದೆ ಅಲ್ಲಾಡಿಸೋಕೆ ಹೇಳಿ, ತಾವು ಬಟ್ಟಲು ಮತ್ತು ಕೋನ್ ಸೇರೋ ಸಂದಿಯ ಮೇಲೆ ಹೆಬ್ಬೆರಳು ಇಟ್ಟು ಕಣ್ಣು ಮುಚ್ಚಿದ್ರು. ನಮಗೆ ಏನೂ ಗೊತ್ತಾಗ್ತಿರ್ಲಿಲ್ಲ. "ಇನ್ನೊಂದು ಕೂದಲು" ಅಂತಿದ್ರು. ಮೇಲಿನ ನಟ್ಟು ಬಿಗಿ ಮಾಡಿದ್ರೆ ಕೆಳಗಿನದೂ ಚೂರು ಬಿಗಿಯಾಗುತ್ತೆ, ಅದಕ್ಕೂ ಲೆಕ್ಕ ಇಟ್ಟಿದ್ರು. ಕೊನೆಗೆ ಹ್ಯಾಂಡಲನ್ನ ನಡುವಲ್ಲಿ ನಿಲ್ಲಿಸಿ ಒಂದು ಬೆರಳು ಮುಟ್ಟಿಸಿದ್ರು. ಎಡಕ್ಕೆ ಬಿತ್ತು. ಬಲಕ್ಕೆ ಬಿತ್ತು. ಟಕ್ ಇಲ್ಲ.

ಆಯುಧಪೂಜೆ ದಿನ ಕುಂಬಳಕಾಯಿ ಒಡೆದು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಾಯ್ತು. ಗಾಡಿ ಮುಂದೆ ತಗೋಬೇಕು. ದೊಡ್ಡಪ್ಪ ಬೀರು ತೆಗೆದು ಕೀ ತಂದು ನಮ್ಮ ಕಡೆ ಚಾಚಿದ್ರು. ನಾವು ಮೂವರೂ ಕೈಗೆ ಗ್ರೀಸು ಅಂತ ಸುಳ್ಳು ಹೇಳಿದ್ವಿ. ದೊಡ್ಡಪ್ಪನಿಗೆ ಗೊತ್ತಾಯ್ತು. ಸ್ವಲ್ಪ ಹೊತ್ತು ಕೀ ಹಿಡ್ಕೊಂಡೇ ನಿಂತಿದ್ದು, ಆಮೇಲೆ, "ಅಪ್ಪಾ, ಬೀದಿ ಕೊನೆವರೆಗೆ ಅಷ್ಟೇ" ಅಂದ್ರು. ತಾತನಿಗೆ ಕಿವಿ ಮಂದ ಅಂತ ಆಗಲೇ ಹೇಳಿದ್ವಲ್ಲ. ಬೀದಿ ಕೊನೆಯಲ್ಲಿ ತಿರುಗಿಸಿಕೊಳ್ಳದೇ ಎಡಕ್ಕೆ ಹೋದ್ರು. ಅಜ್ಜಿ ಬಾಗಿಲಲ್ಲೇ ನಿಂತಿದ್ರು. ಇಡೀ ಬಡಾವಣೆ ಸುತ್ತಿಕೊಂಡು ಆ ಕಡೆಯಿಂದ ಬಂದ್ರು, ಬಿದ್ದಿದ್ದ ಅದೇ ತಿರುವಿನಲ್ಲಿ, ನಡೆಯೋ ಸ್ಪೀಡಿಗಿಂತ ನಿಧಾನಕ್ಕೆ. ಬೇಕಂತಲೇ ಅಷ್ಟು ನಿಧಾನ ಮಾಡಿದ್ರು ಅಂತ ನಮಗೆ ಅನುಮಾನ.

ಕೈ ನಡುಗೋದೂ ನಿಜವೇ. ಮುಂದಿನ ತಿಂಗಳು ಅದಕ್ಕೆ ಡಾಕ್ಟರ್ ಹತ್ರ ಹೋಗ್ಬೇಕು, ತಾತ ಒಪ್ಪಿದ್ದಾರೆ. ಅಲ್ಲಿಯವರೆಗೆ ಬಡಾವಣೆ ಒಳಗೆ ಮಾತ್ರ, ಹಿಂದೆ ಯಾರಾದ್ರೂ ಕೂತಿರ್ಬೇಕು, ಹೆಲ್ಮೆಟ್ ಕಡ್ಡಾಯ, ಇದು ದೊಡ್ಡಪ್ಪನ ಷರತ್ತು. ಬೆಂಗಳೂರಿನವರು ಎರಡು ಸಲ ಫೋನ್ ಮಾಡಿದ್ರು. ಇನ್ನೂ ಒಂದು ಸಣ್ಣ ಕೆಲಸ ಬಾಕಿ ಇದೆ ಅಂತ ದೊಡ್ಡಪ್ಪ ಹೇಳಿದ್ದನ್ನ ನಾವೇ ಕೇಳಿಸಿಕೊಂಡ್ವಿ.

ಸುಳ್ಳೇನಲ್ಲ. ಹೊಸ ಬಟ್ಟಲು ತಮ್ಮ ಜಾಗದಲ್ಲಿ ಪೂರ್ತಿ ಕೂರೋಕೆ ಸ್ವಲ್ಪ ಓಡ್ಬೇಕು, ಆಮೇಲೆ ಮತ್ತೊಮ್ಮೆ ರಿಂಗ್ ನಟ್ಟು ನೋಡ್ಬೇಕು. 500 ಕಿ.ಮೀ. ಆದ್ಮೇಲೆ ಬನ್ನಿ ಅಂತ ತಾತ ನಮಗೆ ಹೇಳಿ, ಮೀಟರ್ ರೀಡಿಂಗನ್ನ ಕ್ಯಾಲೆಂಡರ್ ಹಿಂದೆ ಬರೆದಿಟ್ಟಿದ್ದಾರೆ. ಬಡಾವಣೆ ಒಂದು ಸುತ್ತಿಗೆ ಒಂದೂವರೆ ಕಿ.ಮೀ. ಮೊನ್ನೆ ಭಾನುವಾರಕ್ಕೆ 63 ಆಗಿದೆ.